ಕಂಪ್ಯೂಟರ್‌ನಿಂದ ಫ್ರೀ ಕಾಲ್ ಮಾಡುವಾಗ ಧ್ವನಿ ಕೈಕೊಟ್ಟರೆ: ಎಲ್ಲಿಂದ ಹುಡುಕಬೇಕು?

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ. ಮಕ್ಕಳು ಅಲ್ಲಿ, ಅಪ್ಪ ಅಮ್ಮ ಇಲ್ಲಿ ಇರುವ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವ ಹೊತ್ತು ಅದು. ಇಂಟರ್ನೆಟ್‌ಗೆ ತಿಂಗಳ ದುಡ್ಡು ಕಟ್ಟಿದ್ದರೆ ಸಾಕು, ಮಾತಿಗೆ ಬೇರೆ ಖರ್ಚಿಲ್ಲ. ಆದರೆ ಮೊದಲ ಐದು ನಿಮಿಷ "ಹಲೋ, ಕೇಳಿಸ್ತಿದೆಯಾ?", "ಅಪ್ಪಾ, ನಿಮ್ಮದು ಕಟ್ ಕಟ್ ಆಗ್ತಿದೆ" ಅನ್ನುವುದರಲ್ಲೇ ಕಳೆಯುತ್ತದೆ. ಆಮೇಲೆ ಯಾರೋ ಎದ್ದು ಹೋಗಿ ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಕೆಲವು ಸಲ ಸರಿಹೋಗುತ್ತದೆ. ಬಹಳ ಸಲ ಇಲ್ಲ, ಯಾಕಂದರೆ ತೊಂದರೆ ರೂಟರ್‌ನಲ್ಲಿ ಇರುವುದೇ ಇಲ್ಲ.

ಏನನ್ನೂ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಯಾರ ಕಿವಿಗೆ ಬೀಳುತ್ತಿದೆ? ಇಂಟರ್ನೆಟ್ ಕಾಲ್‌ನಲ್ಲಿ ತೊಂದರೆ ಕೇಳಿಸುವುದು ಒಬ್ಬರಿಗೆ, ಅದು ಹುಟ್ಟುವುದು ಸಾಮಾನ್ಯವಾಗಿ ಇನ್ನೊಬ್ಬರ ಮನೆಯಲ್ಲಿ. ನಿಮ್ಮ ಧ್ವನಿ ಮಗಳಿಗೆ ಒಡೆದು ಕೇಳಿಸುತ್ತಿದ್ದರೆ ನೋಡಬೇಕಾದ್ದು ನಿಮ್ಮ ಮೈಕ್ ಮತ್ತು ನಿಮ್ಮ ಅಪ್‌ಲೋಡ್. ಅವಳ ಧ್ವನಿ ನಿಮಗೆ ಒಡೆದು ಕೇಳಿಸುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಅವಳ ಕಡೆಯ ಮೈಕ್, ಅವಳ ವೈಫೈ. ಇದು ಗೊತ್ತಿಲ್ಲದೆ ಇಬ್ಬರೂ ತಪ್ಪು ಮನೆಯಲ್ಲಿ ಹುಡುಕುತ್ತಾ ಇರುತ್ತಾರೆ.

ಖಚಿತ ಮಾಡಿಕೊಳ್ಳುವುದೂ ಸುಲಭ. ಯೂಟ್ಯೂಬ್‌ನಲ್ಲಿ ಯಾವುದಾದರೂ ವಿಡಿಯೊ ಹಾಕಿ. ಸದ್ದು ಚೆನ್ನಾಗಿದ್ದರೆ ನಿಮ್ಮ ಸ್ಪೀಕರ್ ಸರಿಯಾಗಿದೆ. ಕಂಪ್ಯೂಟರ್‌ನಲ್ಲೇ ಇರುವ ಸೌಂಡ್ ರೆಕಾರ್ಡರ್ ತೆರೆದು ನಾಲ್ಕು ಮಾತು ಆಡಿ, ವಾಪಸ್ ಕೇಳಿ. ಚೆನ್ನಾಗಿದ್ದರೆ ಮೈಕ್ ಸರಿಯಾಗಿದೆ. ಇದಕ್ಕೆ ಇಂಟರ್ನೆಟ್ ಕೂಡ ಬೇಡ. ಕೊನೆಗೆ ಬೇರೆ ಯಾರಿಗಾದರೂ ಒಂದು ಕಾಲ್ ಮಾಡಿ. ಎಲ್ಲರ ಜೊತೆಯೂ ಅದೇ ಗೋಳಾದರೆ ದೋಷ ನಿಮ್ಮಲ್ಲಿ. ಒಬ್ಬರ ಜೊತೆ ಮಾತ್ರ ಆದರೆ ಅವರಿಗೆ ಈ ಬರಹ ಕಳಿಸಿ, ನೀವು ಆರಾಮಾಗಿರಿ.

ಕಾಲ್ ಬಟನ್ನೇ ಕಾಣುತ್ತಿಲ್ಲ, ಅಥವಾ ಆಪ್ ತೆರೆಯುತ್ತಿಲ್ಲ

ಹಳೇ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಸ್ಕೈಪ್ ಐಕಾನ್ ಇಟ್ಟುಕೊಂಡವರು ಇದ್ದಾರೆ. 2003ರಲ್ಲಿ ಶುರುವಾದ ಸ್ಕೈಪನ್ನು ಮೈಕ್ರೋಸಾಫ್ಟ್ 2025ರ ಮೇ 5ರಂದು ಮುಚ್ಚಿತು. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಅದೇ ಲಾಗಿನ್ ಇಟ್ಟುಕೊಂಡು ಟೀಮ್ಸ್‌ನ ಫ್ರೀ ಆವೃತ್ತಿಗೆ ಹೋಗಬಹುದು, ಇಲ್ಲವೇ ವಾಟ್ಸಾಪ್, ಗೂಗಲ್ ಮೀಟ್, ಜೂಮ್ ಯಾವುದಾದರೂ ಸರಿ.

ವಾಟ್ಸಾಪ್ ಬ್ರೌಸರ್‌ನಲ್ಲಿ ತೆರೆದಿದ್ದು ಕಾಲ್ ಬಟನ್ ಸಿಗದಿದ್ದರೆ ಕಂಪ್ಯೂಟರ್‌ಗೇ ಇರುವ ವಾಟ್ಸಾಪ್ ಆಪ್ ಹಾಕಿಕೊಳ್ಳಿ. ಕಾಲ್‌ಗೆ ಅದೇ ಭರವಸೆಯದು. ನಿನ್ನೆವರೆಗೂ ಚೆನ್ನಾಗಿದ್ದ ಆಪ್ ಇವತ್ತು ಕ್ಯೂಆರ್ ಕೋಡ್ ತೋರಿಸುತ್ತಿದೆಯಾ? ನಿಮ್ಮ ಫೋನಿನ ವಾಟ್ಸಾಪ್ 14 ದಿನಕ್ಕಿಂತ ಜಾಸ್ತಿ ಬಳಸದೆ ಬಿಟ್ಟಿದ್ದರೆ ಕಂಪ್ಯೂಟರ್ ತಾನಾಗಿ ಲಾಗೌಟ್ ಆಗುತ್ತದೆ. ಮತ್ತೆ ಲಿಂಕ್ ಮಾಡಿದರೆ ಮುಗಿಯಿತು.

ಇನ್ನೆರಡು ಸಂಗತಿ ದೋಷದಂತೆ ಕಾಣುತ್ತವೆ, ದೋಷವಲ್ಲ. ಜೂಮ್‌ನ ಫ್ರೀ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ಮೀಟ್‌ನಲ್ಲಿ ಮೂರು ಜನ ಅಥವಾ ಅದಕ್ಕಿಂತ ಹೆಚ್ಚಿದ್ದರೆ 60 ನಿಮಿಷ. ಗಡಿಯಾರ ಇಟ್ಟಂತೆ ಅದೇ ನಿಮಿಷಕ್ಕೆ ಕಟ್ ಆಗುತ್ತಿದ್ದರೆ ಯಾರನ್ನೂ ಬೈಯಬೇಡಿ, ಹೊಸದಾಗಿ ಸೇರಿಕೊಳ್ಳಿ. ಎರಡನೆಯದು, ದುಬೈ ಅಬುಧಾಬಿ ಕಡೆ ಇರುವ ನೆಂಟರಿಗೆ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅದು ಅಲ್ಲಿನ ನಿಯಮ. ಅಲ್ಲಿ ಅನುಮತಿ ಇರುವ ಆಪ್ ಯಾವುದು ಅಂತ ಅವರನ್ನೇ ಕೇಳಿ, ಅದನ್ನೇ ಹಾಕಿಕೊಳ್ಳಿ.

ಫ್ರೀ ಅಂದರೆ ಆಪ್‌ನಿಂದ ಆಪ್‌ಗೆ ಮಾತ್ರ ಅನ್ನುವುದೂ ನೆನಪಿರಲಿ. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಮಾತಾಡಲು ಭಾರತದಲ್ಲಿ 2002ರ ಏಪ್ರಿಲ್‌ನಿಂದಲೇ ಅನುಮತಿ ಇದೆ. ಆದರೆ "ಯಾವ ಮೊಬೈಲ್ ನಂಬರ್‌ಗಾದರೂ ಪುಕ್ಕಟೆ ಕಾಲ್" ಅನ್ನುವ ಅಡ್ರೆಸ್ಸಿಲ್ಲದ ಸಾಫ್ಟ್‌ವೇರ್ ಸಿಕ್ಕರೆ ಇಳಿಸಿಕೊಳ್ಳಬೇಡಿ. ಕಂಪ್ಯೂಟರ್‌ಗೆ ವೈರಸ್ ಬಂದರೆ ಆ ಪುಕ್ಕಟೆ ಬಹಳ ದುಬಾರಿ.

ಅವರು ಮಾತಾಡುವುದು ನನಗೆ ಕೇಳಿಸುತ್ತದೆ, ನನ್ನದು ಅವರಿಗೆ ಕೇಳಿಸುವುದಿಲ್ಲ

ಇಂಟರ್ನೆಟ್ ತಂಟೆಗೆ ಹೋಗಲೇಬೇಡಿ. ಅವರ ಧ್ವನಿ ಬರುತ್ತಿದೆ ಅಂದರೆ ಲೈನ್ ಇದೆ. ನಿಮ್ಮ ಮೈಕ್‌ನಿಂದ ಆಪ್‌ಗೆ ಹೋಗುವ ದಾರಿ ಎಲ್ಲೋ ಮುಚ್ಚಿದೆ.

ಮ್ಯೂಟ್ ನೋಡಿ. ಆಪ್‌ನಲ್ಲಿ ಒಂದು ಮ್ಯೂಟ್ ಇರುತ್ತದೆ. ಹೆಡ್‌ಸೆಟ್ ವೈರ್ ಮೇಲೆ ಒಂದು ಪುಟ್ಟ ಸ್ವಿಚ್ ಇರಬಹುದು. ಕೆಲವು ಲ್ಯಾಪ್‌ಟಾಪ್‌ಗಳ ಕೀಬೋರ್ಡ್‌ನಲ್ಲೂ ಮೈಕ್ ಚಿತ್ರದ ಕೀ ಇರುತ್ತದೆ, ಒತ್ತಿದರೆ ಸಣ್ಣ ದೀಪ ಹತ್ತುತ್ತದೆ. ಮೂರರಲ್ಲಿ ಒಂದು ಮುಚ್ಚಿದ್ದರೂ ಧ್ವನಿ ಹೋಗುವುದಿಲ್ಲ.

ಮ್ಯೂಟ್ ಇಲ್ಲ ಅಂದರೆ ಆಪ್‌ನ ಆಡಿಯೊ ಸೆಟಿಂಗ್ಸ್‌ನಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ನೋಡಿ. ಪಕ್ಕದ ರೂಮಿನಲ್ಲಿ ಚಾರ್ಜಿಗೆ ಇಟ್ಟ ಬ್ಲೂಟೂತ್ ಇಯರ್‌ಫೋನ್‌ಗೆ ಲ್ಯಾಪ್‌ಟಾಪ್ ಸದ್ದಿಲ್ಲದೆ ಕನೆಕ್ಟ್ ಆಗಿರುತ್ತದೆ. ನೀವು ಇಲ್ಲಿ ಮಾತಾಡುತ್ತೀರಿ, ಅದು ಅಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ. ಸರಿಯಾದ ಮೈಕ್ ಆರಿಸಿ ಮಾತಾಡಿದರೆ ಪಕ್ಕದಲ್ಲಿ ಹಸಿರು ಪಟ್ಟಿಯೋ ಚುಕ್ಕಿಯೋ ಕುಣಿಯಬೇಕು.

ಅದೂ ಕುಣಿಯದಿದ್ದರೆ ಅನುಮತಿ ನೋಡಿ. ವಿಂಡೋಸ್ 11ರಲ್ಲಿ ಸೆಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಮೈಕ್ರೋಫೋನ್ ಅಂತ ಹೋಗಿ. ಮೇಲಿನ ಸ್ವಿಚ್ ಒಂದನ್ನೇ ಆನ್ ಮಾಡಿ ಬಿಡಬೇಡಿ. ಪಟ್ಟಿಯ ಕೆಳಗೆ ಡೆಸ್ಕ್‌ಟಾಪ್ ಆಪ್‌ಗಳಿಗೆ ಬೇರೆಯೇ ಒಂದು ಸ್ವಿಚ್ ಇದೆ, ಬಹಳ ಜನ ಅಷ್ಟು ಕೆಳಗೆ ಇಳಿಯುವುದಿಲ್ಲ. ಬ್ರೌಸರ್‌ನಲ್ಲಿ ಮೀಟ್ ತೆರೆದಿದ್ದರೆ ವಿಳಾಸದ ಎಡಗಡೆಯ ಚಿಹ್ನೆ ಒತ್ತಿ, ಮೈಕ್‌ಗೆ ಅಲೋ ಕೊಡಿ. ಮೊದಲ ದಿನ ಯಾವುದೋ ಪೆಟ್ಟಿಗೆ ಬಂದಾಗ ಗಡಿಬಿಡಿಯಲ್ಲಿ ಬ್ಲಾಕ್ ಒತ್ತಿದ್ದರೆ ಅದು ಅಲ್ಲೇ ಉಳಿದಿರುತ್ತದೆ.

ಇನ್ನು ಹೆಡ್‌ಸೆಟ್. ಒಂದೇ ಪಿನ್ ಇರುವ ಹೆಡ್‌ಸೆಟ್ ಆದರೆ ಆ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಕಡ್ಡಿಯ ಸುತ್ತ ಬಳೆಯಂತೆ ತೆಳುವಾದ ಗೆರೆಗಳಿರುತ್ತವೆ, ಹೆಚ್ಚಾಗಿ ಕಪ್ಪು. ಎರಡು ಗೆರೆ ಇದ್ದರೆ ಅದು ಬರೀ ಕೇಳುವ ಹೆಡ್‌ಫೋನ್, ಅದರ ಮೈಕ್ ಕಂಪ್ಯೂಟರ್‌ಗೆ ತಲುಪುವುದಿಲ್ಲ. ಮೂರು ಇದ್ದರೆ ಮೈಕ್ ಉಂಟು. ಈ ಮೂರು ಗೆರೆಯ ಪಿನ್ ಲ್ಯಾಪ್‌ಟಾಪ್‌ನ ಒಂದೇ ತೂತಿಗೆ ಸರಿಹೋಗುತ್ತದೆ. ಹಳೇ ಡೆಸ್ಕ್‌ಟಾಪ್‌ಗೆ ಸರಿಹೋಗುವುದಿಲ್ಲ, ಅಲ್ಲಿ ಸ್ಪೀಕರ್‌ಗೆ ಹಸಿರು, ಮೈಕ್‌ಗೆ ಗುಲಾಬಿ ಅಂತ ಎರಡು ತೂತು ಇರುತ್ತವೆ. ಹಸಿರಿಗೆ ಹಾಕಿದರೆ ಕೇಳಿಸುತ್ತದೆ, ಮಾತು ಹೋಗುವುದಿಲ್ಲ. ಒಂದನ್ನು ಎರಡು ಮಾಡುವ ಸಣ್ಣ ವೈರ್ ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ನನ್ನನ್ನು ಕೇಳಿದರೆ ಅದಕ್ಕಿಂತ ಸಾದಾ ಯುಎಸ್‌ಬಿ ಹೆಡ್‌ಸೆಟ್ ಒಂದನ್ನು ತಂದುಬಿಡಿ. ಗೆರೆ ಎಣಿಸುವ ಕಷ್ಟವೇ ಇರುವುದಿಲ್ಲ.

ಹೆಡ್‌ಸೆಟ್ ಇಲ್ಲದೆ ಸೌಂಡ್ ರೆಕಾರ್ಡರ್‌ನಲ್ಲೂ ಧ್ವನಿ ಬರದೆ, ಹೆಡ್‌ಸೆಟ್ ಹಾಕಿದ ಕೂಡಲೇ ಬಂದರೆ, ಲ್ಯಾಪ್‌ಟಾಪಿನ ಒಳಗಿನ ಮೈಕ್ ಸತ್ತಿದೆ. ಅದನ್ನು ಬಿಚ್ಚಿಸಿ ರಿಪೇರಿ ಮಾಡಿಸುವುದು ಬರೀ ಕಾಲ್‌ಗೋಸ್ಕರ ಆದರೆ ದಂಡ.

ನಾನು ಆಡಿದ ಮಾತು ನನಗೇ ವಾಪಸ್ ಕೇಳಿಸುತ್ತದೆ

ಶುರುವಿನಲ್ಲಿ ಹೇಳಿದ ನಿಯಮ ಇಲ್ಲಿ ಪಕ್ಕಾ ಕೆಲಸ ಮಾಡುತ್ತದೆ. ನಿಮ್ಮ ಧ್ವನಿ ಅವರ ಸ್ಪೀಕರ್‌ನಿಂದ ಹೊರಬಂದು, ಅವರದೇ ಮೈಕ್‌ಗೆ ಹೊಕ್ಕು, ನಿಮ್ಮ ಹತ್ತಿರ ತಿರುಗಿ ಬರುತ್ತಿದೆ. ಹೆಡ್‌ಸೆಟ್ ಹಾಕಿಕೊಳ್ಳಬೇಕಾದ್ದು ಅವರು, ನೀವಲ್ಲ. ಹೆಡ್‌ಸೆಟ್ ಇಲ್ಲ ಅಂದರೆ ಸ್ಪೀಕರ್ ವಾಲ್ಯೂಮ್ ಅರ್ಧಕ್ಕೆ ಇಳಿಸಲು ಹೇಳಿ.

ಗುಂಪಿನ ಕಾಲ್‌ನಲ್ಲಿ ಯಾರ ಮನೆಯಿಂದ ಅಂತ ಹಿಡಿಯಲು ಒಬ್ಬೊಬ್ಬರೇ ಮ್ಯೂಟ್ ಮಾಡಿ. ಯಾರು ಮ್ಯೂಟ್ ಮಾಡಿದಾಗ ಪ್ರತಿಧ್ವನಿ ನಿಂತಿತೋ ಅವರೇ. ಆ ಒಬ್ಬರಿಗೆ ಮಾತ್ರ ಕೇಳಿಸುತ್ತಿರಲಿಲ್ಲ ಅನ್ನುವುದು ಇನ್ನೊಂದು ಗುರುತು. ಕೀಂಯ್ ಅಂತ ಕಿವಿ ತೂತಾಗುವಂತೆ ಕಿರುಚಿದರೆ ಒಂದೇ ಕೋಣೆಯಲ್ಲಿ ಎರಡು ಸಾಧನ ಒಂದೇ ಕಾಲ್‌ಗೆ ಸೇರಿವೆ. ಅಜ್ಜಿಯ ಫೋನೂ ಸೇರಿದೆ, ಪಕ್ಕದಲ್ಲೇ ಲ್ಯಾಪ್‌ಟಾಪೂ ಸೇರಿದೆ. ತಕ್ಷಣ ಇಯರ್‌ಫೋನ್ ಕಿವಿಯಿಂದ ತೆಗೆದು ಆಮೇಲೆ ಒಂದನ್ನು ಆಫ್ ಮಾಡಿ.

ಧ್ವನಿ ಕಟ್ ಕಟ್ ಆಗುತ್ತದೆ, ರೋಬೋಟ್ ಥರ ಕೇಳಿಸುತ್ತದೆ

ಜನ ಮೊದಲು ಹೇಳುವುದು "ಸ್ಪೀಡ್ ಸಾಲಲ್ಲ, ದೊಡ್ಡ ಪ್ಲಾನ್ ಹಾಕಿಸೋಣ" ಅಂತ. ದುಡ್ಡು ಕೊಡುವ ಮೊದಲು ಲೆಕ್ಕ ನೋಡಿ. ಬರೀ ಮಾತಿನ ಕಾಲ್‌ಗೆ ಸುಮಾರು 100 ಕೆಬಿಪಿಎಸ್ ಇದ್ದರೆ ಸಾಕು. ವಿಡಿಯೊ ಸೇರಿದರೂ ಇಬ್ಬರ ಕಾಲ್ 1 ಎಂಬಿಪಿಎಸ್ ಆಸುಪಾಸಿನಲ್ಲಿ ನಡೆಯುತ್ತದೆ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲೇ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ 2023ರಲ್ಲಿ ಸರ್ಕಾರ ನಿಗದಿ ಮಾಡಿದೆ. 100 ಎಂಬಿಪಿಎಸ್ ಲೈನ್‌ನಲ್ಲಿ ಮಾತು ಒಡೆಯುತ್ತಿದ್ದರೆ ಅದು ವೇಗದ ಕೊರತೆ ಅಲ್ಲ. ಧ್ವನಿಯ ಸಣ್ಣ ಸಣ್ಣ ತುಣುಕುಗಳು ದಾರಿಯಲ್ಲಿ ಕಳೆದುಹೋಗುತ್ತಿವೆ, ಅಥವಾ ಹೊತ್ತು ಮೀರಿ ಬರುತ್ತಿವೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕಂದರೆ ಅದು ಮುಂದಿನದನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ. ಮಾತನ್ನು ಮೊದಲೇ ತುಂಬಿಡಲು ಆಗುವುದಿಲ್ಲ ಅಲ್ವಾ?

ಪುಕ್ಕಟೆ ಪರೀಕ್ಷೆ ಮೊದಲು. ಲ್ಯಾಪ್‌ಟಾಪ್ ಎತ್ತಿಕೊಂಡು ರೂಟರ್ ಇರುವ ಕೋಣೆಗೇ ಹೋಗಿ ಕಾಲ್ ಮಾಡಿ. ಸರಿಹೋದರೆ ತಪ್ಪು ವೈಫೈಯದು. ಅಪಾರ್ಟ್‌ಮೆಂಟ್‌ನಲ್ಲಿ ವೈಫೈ ಪಟ್ಟಿ ತೆರೆದರೆ ಮೇಲಿನವರದು, ಕೆಳಗಿನವರದು, ಎದುರು ಬ್ಲಾಕಿನವರದು ಎಲ್ಲಾ ಕಾಣುತ್ತವೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ: 1, 6, 11. ಇಷ್ಟು ಮನೆಗಳೂ ಅದರಲ್ಲೇ ನೂಕಾಡಬೇಕು. ಮೈಕ್ರೋವೇವ್ ಓವನ್ ಕೂಡ ಅದೇ ಜಾಗದಲ್ಲಿ ಗಲಾಟೆ ಮಾಡುತ್ತದೆ. ಸಾಂಬಾರ್ ಬಿಸಿ ಮಾಡುವಾಗಲೇ ಕಾಲ್ ಒಡೆಯುತ್ತಿದ್ದರೆ ಉತ್ತರ ಸಿಕ್ಕಿತು. ರೂಟರ್‌ನಲ್ಲಿ ಹೆಸರಿನ ಕೊನೆಗೆ 5ಜಿ ಅಂತ ಇರುವ ಎರಡನೇ ವೈಫೈ ಇದ್ದರೆ ಅದಕ್ಕೆ ಸೇರಿಕೊಳ್ಳಿ. ಅದು 5 ಗಿಗಾಹರ್ಟ್ಸ್, ಮೊಬೈಲಿನ 5ಜಿ ಅಲ್ಲ. ಗಲಾಟೆ ಕಮ್ಮಿ, ಆದರೆ ಗೋಡೆ ದಾಟುವ ಶಕ್ತಿಯೂ ಕಮ್ಮಿ. ಎಲ್ಲಕ್ಕಿಂತ ಒಳ್ಳೆಯದು ರೂಟರ್‌ನಿಂದ ನೇರ ಲ್ಯಾನ್ ಕೇಬಲ್. ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಗಟ್ಟಿ.

ಆಮೇಲೆ ಅಪ್‌ಲೋಡ್. ನಿಮ್ಮ ಮಾತು ಹೋಗುವುದು ಅಪ್‌ಲೋಡ್ ದಾರಿಯಲ್ಲಿ. ಮದುವೆಯಿಂದ ಬಂದ ರಾತ್ರಿ ಮನೆಯವರ ಫೋನುಗಳೆಲ್ಲ ಸೇರಿ ಫೋಟೊ, ವಿಡಿಯೊಗಳನ್ನು ಗೂಗಲ್ ಫೋಟೋಸ್‌ಗೆ ಏರಿಸುತ್ತಿದ್ದರೆ ಆ ದಾರಿ ತುಂಬಿಹೋಗುತ್ತದೆ. ಕೆಳಗೆ ಯಾರೋ ಬಕೆಟ್‌ಗೆ ನಲ್ಲಿ ಬಿಟ್ಟರೆ ಮೇಲೆ ಶವರ್ ಸಣ್ಣಗಾಗುವ ಹಾಗೆ. ಬ್ಯಾಕಪ್ ನಿಲ್ಲಿಸಿ, ಮತ್ತೆ ಕಾಲ್ ಮಾಡಿ ನೋಡಿ. ತಿಂಗಳ ಕೊನೆಯಲ್ಲಿ ಮಾತ್ರ ಹೀಗಾದರೆ ಪ್ಲಾನಿನ ಎಫ್‌ಯುಪಿ ಮಿತಿ (ಪೂರ್ತಿ ವೇಗದಲ್ಲಿ ತಿಂಗಳಿಗೆ ಇಷ್ಟೇ ಡೇಟಾ ಅನ್ನುವ ಮಿತಿ) ಮುಗಿದು ವೇಗ ಇಳಿದಿರಬಹುದು, ಕಂಪನಿಯ ಆಪ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಇಷ್ಟಾದರೂ ಸರಿಹೋಗಲಿಲ್ಲ ಅಂದರೆ ಪಿಂಗ್ ಮಾಡಿ, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆಯಿರಿ. ಹೆದರುವಂಥದ್ದಲ್ಲ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ (cmd) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ಬರುತ್ತದೆ. ಅಲ್ಲಿ ಐಪಿಕಾನ್ಫಿಗ್ (ipconfig) ಅಂತ ಹೊಡೆದು ಎಂಟರ್ ಒತ್ತಿದರೆ ಡೀಫಾಲ್ಟ್ ಗೇಟ್‌ವೇ ಎದುರು ಒಂದು ಸಂಖ್ಯೆ ಸಿಗುತ್ತದೆ, ಬಹಳ ಮನೆಗಳಲ್ಲಿ 192.168.1.1. ಅದು ನಿಮ್ಮ ರೂಟರ್. ಈಗ ಪಿಂಗ್ (ping) ಅಂತ ಹೊಡೆದು, ಜಾಗ ಬಿಟ್ಟು ಆ ಸಂಖ್ಯೆ, ಮತ್ತೆ ಜಾಗ ಬಿಟ್ಟು ಮೈನಸ್ ಟಿ (-t) ಹೊಡೆದು ಎಂಟರ್ ಒತ್ತಿ. ಸಾಲು ಸಾಲಾಗಿ ಉತ್ತರ ಬರುತ್ತಾ ಹೋಗುತ್ತದೆ. ಒಂದೆರಡು ನಿಮಿಷ ಬಿಟ್ಟು ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಸಾಲಿನಲ್ಲಿ ಟೈಮ್ (time) ಎದುರಿನ ಮಿಲಿಸೆಕೆಂಡ್ (ms) ಸಂಖ್ಯೆ ಒಂದಂಕಿಯಲ್ಲೇ ಇರಬೇಕು. ನಡುನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್ ಅಂತ ಬಂದರೆ, ಅಥವಾ 3, 4 ಇದ್ದದ್ದು ಇದ್ದಕ್ಕಿದ್ದಂತೆ 200ಕ್ಕೆ ಹಾರಿದರೆ, ತೊಂದರೆ ನಿಮ್ಮ ಮನೆಯೊಳಗಿನ ವೈಫೈ. ಕಂಪನಿಗೆ ಫೋನ್ ಮಾಡಿ ಫಲವಿಲ್ಲ.

ರೂಟರ್‌ಗೆ ಎಲ್ಲಾ ನೀಟಾಗಿ ಬಂದರೆ ಅದೇ ರೀತಿ 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್‌ನ ಸರ್ವರ್. ಒಳಗಡೆ ಸರಿ, ಹೊರಗಡೆಗೆ ಮಾತ್ರ ಟೈಮ್ಡ್ ಔಟ್ ಅಂದರೆ ತಪ್ಪು ಲೈನಿನದು. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ರಿಪೇರಿಗೆ ಬರುವ ಹುಡುಗ ಸ್ಪೀಡ್ ಟೆಸ್ಟ್ ತೋರಿಸಿ "ನೋಡಿ ಸರ್, ಫುಲ್ ಸ್ಪೀಡ್ ಇದೆ" ಅಂತ ಹೊರಡುವ ಮೊದಲು ಆ ಫೋಟೊ ಬೇಕಾಗುತ್ತದೆ.

ಮಾತು ಸ್ಪಷ್ಟ, ಆದರೆ ತಡವಾಗಿ ಬರುತ್ತದೆ

ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುವುದು ಇದರ ಲಕ್ಷಣ. ಒಂದು ಕಡೆಯ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತಿಗೆ ತೊಡಕಾಗುವುದಿಲ್ಲ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕ್ಯಾಲಿಫೋರ್ನಿಯಾ ನೇರ ದಾರಿಯಲ್ಲೇ ಸುಮಾರು 14,000 ಕಿಲೋಮೀಟರ್. ಅಲ್ಲಿಗೆ 70 ಮಿಲಿಸೆಕೆಂಡ್ ಬರೀ ದೂರಕ್ಕೇ ಹೋಯಿತು, ಕೇಬಲ್‌ಗಳು ನೇರವಾಗಿಯೂ ಇರುವುದಿಲ್ಲ. ಇಷ್ಟನ್ನು ಯಾರೂ ಸರಿಮಾಡಲಾರರು.

ಸರಿಮಾಡಬಹುದಾದ್ದು ಮೇಲಿನ ಕೊಸರು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ) ಆನ್ ಇದ್ದರೆ ನಿಮ್ಮ ಮಾತು ಇನ್ಯಾವುದೋ ದೇಶ ಸುತ್ತಿ ಹೋಗುತ್ತಿರಬಹುದು. ಮನೆಯ ಕಾಲ್ ಮನೆಯ ಕಂಪ್ಯೂಟರ್‌ನಲ್ಲಿ ಮಾಡಿ. ಬ್ಲೂಟೂತ್ ಬದಲು ವೈರ್ ಹಾಕಿ. ಬ್ಲೂಟೂತ್ ತಡವನ್ನೂ ಸೇರಿಸುತ್ತದೆ, ಮೈಕ್ ಆನ್ ಆದ ಕೂಡಲೇ ಕೇಳುವ ಗುಣಮಟ್ಟವನ್ನೂ ಇಳಿಸುತ್ತದೆ. ಹಾಡು ಅಷ್ಟು ಚೆನ್ನಾಗಿ ಕೇಳಿಸುವ ಇಯರ್‌ಫೋನ್ ಕಾಲ್‌ನಲ್ಲಿ ಡಬ್ಬದೊಳಗಿಂದ ಮಾತಾಡಿದಂತಾಗುವುದು ಇದಕ್ಕೇ. ಅದು ಕೆಟ್ಟಿಲ್ಲ.

ಗುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ

ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕಾಲ್ ಮಾಡಿ. ಸದ್ದು ನಿಂತರೆ ಚಾರ್ಜರ್ ಅಥವಾ ಮನೆಯ ಅರ್ಥಿಂಗ್ ಕಡೆ ಬೆರಳು ತೋರಿಸಬೇಕು. ಮೂರು ಪಿನ್ನಿನ ಚಾರ್ಜರ್‌ಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೆ ಅದನ್ನು ತೆಗೆದು ನೇರ ಮೂರು ತೂತಿನ ಸಾಕೆಟ್‌ಗೆ ಹಾಕಿ.

ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಡಬ್ಬದ ಲೋಹ ಮುಟ್ಟಿದಾಗ ಜುಂ ಅನ್ನುತ್ತದೆಯಾ? ಅಲ್ಲಿಗೆ ನಿಲ್ಲಿಸಿ. ಸಾಕೆಟ್ ಬಿಚ್ಚಲು ಹೋಗಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರ್ ಇರುವುದಿಲ್ಲ. ಇದು ಕಾಲ್‌ನ ತೊಂದರೆಗಿಂತ ದೊಡ್ಡದು.

ಕಾಲ್ ಸೇರುತ್ತದೆ, ಎರಡೂ ಕಡೆ ಸದ್ದೇ ಇಲ್ಲ

ಮನೆಯಲ್ಲಿ ಸರಿ, ಆಫೀಸ್, ಪಿಜಿ ಅಥವಾ ಹಾಸ್ಟೆಲ್ ನೆಟ್‌ವರ್ಕ್‌ನಲ್ಲಿ ಮಾತ್ರ ಹೀಗೆ ಅಂದರೆ ಅಲ್ಲಿನ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ವ್ಯವಸ್ಥೆ) ಧ್ವನಿ ಹೋಗುವ ದಾರಿಯನ್ನು ತಡೆಯುತ್ತಿದೆ. ರಿಂಗ್ ಆಗುವುದು ಒಂದು ದಾರಿಯಲ್ಲಿ, ಮಾತು ಹೋಗುವುದು ಇನ್ನೊಂದು ದಾರಿಯಲ್ಲಿ. ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿ ಅದೇ ಕಾಲ್ ಮಾಡಿ. ಕೆಲಸ ಮಾಡಿದರೆ ಕಂಪ್ಯೂಟರ್ ತಪ್ಪಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ, ಇಲ್ಲವೇ ಹಾಟ್‌ಸ್ಪಾಟ್‌ನಲ್ಲೇ ಮುಗಿಸಿ.

ಮಾತಿನ ಮಧ್ಯೆ ಲೈನೇ ಹೋಗುತ್ತದೆ

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತದೆ, ರೂಟರ್ ಸಾಯುತ್ತದೆ. ಯುಪಿಎಸ್ ಇರುವ ಮನೆಯಲ್ಲೂ ಬಹಳ ಸಲ ರೂಟರ್ ಇರುವ ಪ್ಲಗ್ ಪಾಯಿಂಟ್ ಯುಪಿಎಸ್ ಲೈನ್‌ನಲ್ಲಿ ಇರುವುದಿಲ್ಲ. ರೂಟರ್‌ಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿ, ಬಹುತೇಕ 12 ವೋಲ್ಟ್ ಇರುತ್ತದೆ. ಕರೆಂಟ್ ದೂರಿಗೆ ಬೆಸ್ಕಾಂ ಸಂಖ್ಯೆ 1912.

ಕರೆಂಟ್ ಇದ್ದೂ ಹೋದರೆ ಫೈಬರ್ ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಪೆಟ್ಟಿಗೆಗೆ ಬರುವ ತೆಳು ವೈರ್ ಸೋಫಾ ಹಿಂದೆ ಮಡಚಿಕೊಂಡಿದ್ದರೆ ನಿಧಾನವಾಗಿ ಬಿಡಿಸಿ, ಅಷ್ಟೇ. ಅದರ ತುದಿ ಬಿಚ್ಚಿ ಕಣ್ಣ ಹತ್ತಿರ ಹಿಡಿಯಬೇಡಿ. ಒಳಗೆ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ತುಂಡಾದ ಫೈಬರ್ ಗಾಜು, ಬೆರಳಿಗೆ ಚುಚ್ಚಿಕೊಳ್ಳುತ್ತದೆ.

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬಿದ್ದರೆ ಮರಕ್ಕೆ ಸುತ್ತಿದ ಕೇಬಲ್‌ಗಳೂ ಜೊತೆಗೆ ಬರುತ್ತವೆ. ಗೇಟ್ ಮುಂದೆ ನೇತಾಡುತ್ತಿರುವುದು ಇಂಟರ್ನೆಟ್ ಕೇಬಲ್ ಅಂತ ನಿಮಗನ್ನಿಸಿದರೂ ಎತ್ತಿ ಕಟ್ಟಲು ಹೋಗಬೇಡಿ. ಅದು ಕರೆಂಟ್ ವೈರ್‌ಗೆ ತಾಗಿಕೊಂಡಿದೆಯೋ ಇಲ್ಲವೋ ನೋಡಿ ಹೇಳಲು ಆಗುವುದಿಲ್ಲ. ಗುಡುಗು ಸಿಡಿಲು ಬರುವ ಮುಂಚೆಯೇ ರೂಟರ್ ಪ್ಲಗ್ ತೆಗೆದಿಡಿ, ಕಾಲ್ ಆಮೇಲೆ ಮಾಡಿ.

ಯಾರನ್ನು ಕರೆಯಬೇಕು, ಯಾರನ್ನು ಕರೆಯಬಾರದು

ಇಂಟರ್ನೆಟ್ ಕಂಪನಿಯ ಸಹಾಯವಾಣಿ ನಂಬರನ್ನು ಬಿಲ್‌ನಿಂದ ಅಥವಾ ಅವರ ಆಪ್‌ನಿಂದ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವುದು ನಕಲಿ ಇರಬಹುದು. "ಸ್ಕ್ರೀನ್ ಶೇರ್ ಮಾಡುವ ಆಪ್ ಹಾಕಿ, ನಾನೇ ಸರಿ ಮಾಡ್ತೀನಿ" ಅಂದವರ ಕಾಲ್ ಅಲ್ಲೇ ಕಟ್ ಮಾಡಿ. ಕಂಪ್ಯೂಟರ್‌ಗೆ ಬರುವ ಗೊತ್ತಿಲ್ಲದ ವಿಡಿಯೊ ಕಾಲ್‌ನಲ್ಲಿ ಪೊಲೀಸ್ ವೇಷದವನು ಕೂತು "ಡಿಜಿಟಲ್ ಅರೆಸ್ಟ್" ಅಂದರೂ ಅದೇ ಮದ್ದು. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಂಪನಿಗೆ ದೂರು ಕೊಟ್ಟಾಗ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಮುಂದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸರಿಮಾಡದೆ ದೂರು ಮುಗಿಸಿದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಮತ್ತು ನಿಮ್ಮ ಪಿಂಗ್ ಫೋಟೊಗಳನ್ನು ಕಳಿಸಿ.

ಇನ್ನೊಂದು ಮಾತು, ವಯಸ್ಸಾದವರಷ್ಟೇ ಇರುವ ಮನೆಗೆ ಮುಖ್ಯವಾಗಿ. ವಾಟ್ಸಾಪ್, ಮೀಟ್ ಇಂಥವುಗಳಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುವುದಿಲ್ಲ. ಕಂಪ್ಯೂಟರ್ ಕಾಲ್ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಸಿಮ್ ಇರುವ ಒಂದು ಫೋನ್ ಚಾರ್ಜ್ ಆಗಿ ಕೈಗೆ ಸಿಗುವ ಜಾಗದಲ್ಲಿ ಇರಬೇಕು.